ಹಗ್ಗದ ಈ ತುದಿಯವರು

ಮುಂಗಾರಿಗೆ ಮುನ್ನ ಸಕಲೇಶಪುರ ತಾಲ್ಲೂಕಿನ ಯಸಳೂರು, ಹೆತ್ತೂರು ಕಡೆಯ ಕಾಫಿ ತೋಟಗಳಲ್ಲಿ ಮರಗಸಿಯ ಕೆಲಸ ನಡೆಯುತ್ತದೆ. ಕಾಫಿ ಗಿಡಕ್ಕೆ ನೆರಳು ಬೇಕು. ಆದರೆ ಮಳೆಗಾಲದಲ್ಲಿ ನೆರಳು ಹೆಚ್ಚಾದರೆ ಗಾಳಿ ಬೆಳಕು ಆಡದೆ ಗಿಡಕ್ಕೆ ಕೊಳೆರೋಗ ಹತ್ತುತ್ತದೆ. ಅದಕ್ಕಾಗಿ ಹಾಲವಾಣ, ಸಿಲ್ವರ್ ಓಕ್, ಅತ್ತಿ, ಹಲಸು ಮುಂತಾದ ಮರಗಳ ಕೊಂಬೆಗಳನ್ನು ಹದವಾಗಿ ಕಡಿಯಬೇಕು. ಕತ್ತಿ ಸಿಕ್ಕಿಸಿಕೊಂಡು ಒಬ್ಬ ಮೇಲೇರುತ್ತಾನೆ. ಹಗ್ಗ ಕಟ್ಟಿಕೊಂಡು ಏರುವ ಕಡೆಗಳಲ್ಲಿ ಅದರ ಇನ್ನೊಂದು ತುದಿ ಕೆಳಗೆ ನಿಂತವನ ಕೈಯಲ್ಲಿರುತ್ತದೆ.

ಕೆಳಗಿನಿಂದ ನೋಡುವವರಿಗೆ ಈ ಕೆಲಸದ ಯಜಮಾನ ಹಗ್ಗ ಹಿಡಿದವನೇ ಎಂದು ತೋರುತ್ತದೆ. ಅವನು ಎಳೆದರೆ ಬಿಗಿ, ಬಿಟ್ಟರೆ ಸಡಿಲ. ಮೇಲಿರುವವನ ಜೀವವೇ ಅವನ ಮುಷ್ಟಿಯಲ್ಲಿದೆ. ಆದರೆ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರೆ ಬೇರೆ ಸಂಗತಿ ತಿಳಿಯುತ್ತದೆ. ಮಾತೆಲ್ಲ ಬರುವುದು ಮೇಲಿನಿಂದ. "ಬಿಡಣ್ಣ... ಇನ್ನೂ ಒಂಚೂರು... ತಡಿ, ತಡಿ." ಕೆಳಗಿನವನು ಹೆಚ್ಚಾಗಿ ಉತ್ತರ ಕೊಡುವವನು. ಹಗ್ಗ ಎಷ್ಟು ಬೇಕು, ಯಾವಾಗ ಬೇಕು, ಯಾವಾಗ ಸಾಕು ಎಂದು ಹೇಳುವವನು ಕಟ್ಟಿಸಿಕೊಂಡವನು.

ಕಟ್ಟುವವನ ಕೌಶಲದ ಬಗ್ಗೆ ಜಗತ್ತು ಬಹಳ ಮಾತಾಡಿದೆ. ಗಂಟುಗಳ ಬಗ್ಗೆ ದಪ್ಪ ಪುಸ್ತಕಗಳಿವೆ. ಕಟ್ಟಿಸಿಕೊಳ್ಳುವವನನ್ನು ಮಾತ್ರ ಸುಮ್ಮನೆ ನಿಂತವನು, ಸಹಿಸಿಕೊಂಡವನು, ಹೆಚ್ಚೆಂದರೆ ಧೈರ್ಯವಂತ ಎಂದು ಬಿಟ್ಟುಬಿಡುತ್ತೇವೆ. ಆದರೆ ತನ್ನ ಒಪ್ಪಿಗೆಯಿಂದ ಹಗ್ಗಕ್ಕೆ ಮೈಕೊಡುವುದೂ ಒಂದು ಕೆಲಸ. ಅದನ್ನೂ ಕಲಿಯಬೇಕಾಗುತ್ತದೆ. ಇನ್ನೊಬ್ಬರ ಮೇಲೆ ನಂಬಿಕೆ ಇಟ್ಟು ಬದುಕು ಆರಂಭಿಸುವ ವಯಸ್ಸಿನ ಮಕ್ಕಳಿಗೆ ಈ ಕಲಿಕೆ ಬೇಕು. ಅವರ ಹಗ್ಗ ಹಿಡಿದಿರುವ ತಂದೆತಾಯಂದಿರಿಗಂತೂ ಇನ್ನಷ್ಟು ಬೇಕು.

ಹಾಗೆ ನೋಡಿದರೆ ಇದು ನಮ್ಮ ಮನೆಗಳಿಗೆ ಹೊಸ ವಿಚಾರವಲ್ಲ. ಭಾಗವತದ ದಶಮಸ್ಕಂಧದಲ್ಲಿ ಯಶೋದೆ ತುಂಟ ಮಗನನ್ನು ಒರಳಿಗೆ ಕಟ್ಟಲು ಹೊರಡುತ್ತಾಳೆ. ಹಗ್ಗ ಎರಡು ಅಂಗುಲ ಸಾಲದು. ಇನ್ನೊಂದು ಹಗ್ಗ ಸೇರಿಸಿದರೂ ಎರಡು ಅಂಗುಲ ಸಾಲದು. ಮನೆಯಲ್ಲಿದ್ದ ಹಗ್ಗವನ್ನೆಲ್ಲ ಗಂಟುಹಾಕಿದರೂ ಕೊರತೆ ಅಷ್ಟೇ. ಬೆವರಿ, ಮುಡಿಯ ಹೂ ಜಾರಿ, ಸೋತು ನಿಂತ ತಾಯಿಯನ್ನು ಕಂಡು ಮಗು ಕರಗುತ್ತದೆ. ಆಗ ಹಗ್ಗ ಸಾಕಾಗುತ್ತದೆ. ಆ ಎರಡು ಅಂಗುಲಕ್ಕೆ ಹಿರಿಯರು ಹಲವು ಅರ್ಥ ಹೇಳಿದ್ದಾರೆ. ಮಕ್ಕಳಿಗೆ ಹೇಳುವಾಗ ಅದು ಒಪ್ಪಿಗೆಯ ಅಳತೆ ಎಂದರೂ ತಪ್ಪಾಗದು. ಒಪ್ಪುವ ತನಕ ಯಾವ ಹಗ್ಗವೂ ಸಾಲದು. ಒಪ್ಪಿದ ಮೇಲೆ ದಾಮೋದರ ಎಂಬುದೇ ಹೆಸರಾಯಿತು. ಹೊಟ್ಟೆಗೆ ಹಗ್ಗ ಕಟ್ಟಿಸಿಕೊಂಡವನು ಎಂದು ಅದರ ಅರ್ಥ.

ರಾಮಾಯಣದ ಸುಂದರಕಾಂಡದಲ್ಲಿ ಇನ್ನೊಂದು ಪ್ರಸಂಗವಿದೆ. ಇಂದ್ರಜಿತು ಬಿಟ್ಟ ಬ್ರಹ್ಮಾಸ್ತ್ರಕ್ಕೆ ಹನುಮಂತ ಕಟ್ಟುಬೀಳುತ್ತಾನೆ. ಆ ಕಟ್ಟು ತನ್ನನ್ನು ಹೆಚ್ಚು ಕಾಲ ಹಿಡಿಯದು ಎಂದು ಅವನಿಗೆ ಗೊತ್ತು. ಆದರೂ ಸುಮ್ಮನಿರುತ್ತಾನೆ, ಏಕೆಂದರೆ ಅವನಿಗೆ ರಾವಣನ ಸಭೆಯನ್ನು ನೋಡಬೇಕಾಗಿದೆ. ಅಷ್ಟರಲ್ಲಿ ರಾಕ್ಷಸರು ಉತ್ಸಾಹದಿಂದ ನಾರಿನ ಹಗ್ಗಗಳನ್ನೂ ಬಿಗಿಯುತ್ತಾರೆ. ಬೇರೆ ಹಗ್ಗ ಬಿದ್ದೊಡನೆ ಅಸ್ತ್ರದ ಕಟ್ಟು ಕಳಚಿಹೋಗುತ್ತದೆ. ಹನುಮಂತ ಅದನ್ನು ತೋರಗೊಡುವುದಿಲ್ಲ. ಎಳೆದುಕೊಂಡು ಹೋಗುವವರು ತಾವು ಗೆದ್ದೆವೆಂದು ಕುಣಿಯುತ್ತಿದ್ದಾರೆ. ನಿಜವಾಗಿ ಆ ಸಭೆಗೆ ಹೋಗಬೇಕೆಂಬ ತೀರ್ಮಾನ ಕಟ್ಟಿಸಿಕೊಂಡವನದು.

ಒಪ್ಪಿಗೆಯಿಲ್ಲದ ಕಟ್ಟು ಬೇರೆಯೇ. 1603ರಿಂದ 1868ರ ವರೆಗಿನ ಎದೊ ಕಾಲದ ಜಪಾನಿನಲ್ಲಿ ಸೆರೆಯಾಳುಗಳನ್ನು ಹಗ್ಗದಿಂದ ಕಟ್ಟುವುದು ಒಂದು ವಿದ್ಯೆಯಾಗಿ ಬೆಳೆದಿತ್ತು. ಅದಕ್ಕೆ ಹೊಜೊಜುತ್ಸು ಎನ್ನುತ್ತಾರೆ. ಸೆರೆಯಾಳಿನ ಅಂತಸ್ತು ಎಂಥದು ಎಂಬುದನ್ನು ನೋಡಿ ಕಟ್ಟುವ ಬಗೆಯೂ ಬದಲಾಗುತ್ತಿತ್ತಂತೆ. ಮುಂದೆ ಅಂಥ ಕಟ್ಟುಗಳು ಕಬುಕಿ ನಾಟಕದ ರಂಗಕ್ಕೆ ಬಂದವು, ಆಮೇಲೆ ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಕಲೆಯೂ ಆದವು. ಹಗ್ಗ ಅದೇ, ಗಂಟೂ ಹೆಚ್ಚುಕಡಿಮೆ ಅದೇ. ಆದರೆ ಸೆರೆಯಾಳಿಗೆ "ಬಿಚ್ಚು" ಎನ್ನುವ ಹಕ್ಕಿರಲಿಲ್ಲ. ಒಪ್ಪಿ ಕಟ್ಟಿಸಿಕೊಂಡವರಿಗೆ ಅದು ಮೊದಲಿನಿಂದ ಕೊನೆಯ ತನಕ ಇರುತ್ತದೆ. ಶಿಕ್ಷೆಯನ್ನೂ ಕಲೆಯನ್ನೂ ಬೇರೆ ಮಾಡುವುದು ಆ ಒಂದು ಪದ.

ಆ ಪದಕ್ಕೆ ಅಷ್ಟು ಬೆಲೆ ಏಕೆ ಎಂಬುದನ್ನು ಶರೀರಶಾಸ್ತ್ರವೇ ಹೇಳುತ್ತದೆ. ತೋಳಿನ ಹೊರಬದಿಯಲ್ಲಿ, ಮೂಳೆಗೆ ಒತ್ತಿಕೊಂಡು ಒಂದು ನರ ಹಾದುಹೋಗುತ್ತದೆ. ಅಲ್ಲಿ ಬಹಳ ಹೊತ್ತು ಒತ್ತಡ ಬಿದ್ದರೆ ಮಣಿಕಟ್ಟು ಮೇಲೆತ್ತಲಾಗದೆ ಕೈ ಜೋತುಬೀಳುತ್ತದೆ. ಸರಿಹೋಗಲು ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ. ಹಗ್ಗದ ಆಸರೆಯಲ್ಲಿ ಅಲುಗಾಡದೆ ನೇತಾಡಿದರೆ ರಕ್ತ ಕಾಲುಗಳಲ್ಲೇ ನಿಂತು ಹೃದಯಕ್ಕೂ ಮಿದುಳಿಗೂ ಸಾಲದಾಗಿ ಪ್ರಜ್ಞೆ ತಪ್ಪಬಹುದು, ಪ್ರಾಣಕ್ಕೂ ಸಂಚಕಾರವಾಗಬಹುದು. ಹಿಂದೆ ಪರ್ವತಾರೋಹಿಗಳು ಸೊಂಟಕ್ಕೆ ನೇರವಾಗಿ ಹಗ್ಗ ಸುತ್ತಿಕೊಳ್ಳುತ್ತಿದ್ದರು. ಈಗ ತೊಡೆಗೂ ಸೊಂಟಕ್ಕೂ ಭಾರ ಹಂಚುವ ಹಾರ್ನೆಸ್ ಎಂಬ ಪಟ್ಟಿ ಬಂದಿರುವುದರ ಹಿಂದೆ ಇಂಥ ಅನುಭವಗಳಿವೆ. ಎಳೆದಷ್ಟೂ ಬಿಗಿಯುವ ಜೀರುಗುಣಿಕೆಯನ್ನು ಮೈಗೆ ಹಾಕಬಾರದು ಎಂಬುದಂತೂ ಹಗ್ಗದ ಕೆಲಸದ ಮೊದಲ ಪಾಠ.

ಈ ಅಪಾಯಗಳಿಗೆಲ್ಲ ಮುನ್ಸೂಚನೆ ಇರುತ್ತದೆ. ಜೋಮು ಹಿಡಿಯುತ್ತದೆ, ಬೆರಳು ತಣ್ಣಗಾಗುತ್ತದೆ, ಕಣ್ಣು ಕತ್ತಲಿಡುತ್ತದೆ. ಆದರೆ ಆ ಸೂಚನೆ ಮೊದಲು ತಿಳಿಯುವುದು ಯಾರಿಗೆ? ಕಟ್ಟಿದವನಿಗೆ ಗಂಟು ಕಾಣುತ್ತದೆ. ಜೋಮು ಹಿಡಿದದ್ದು ಕಟ್ಟಿಸಿಕೊಂಡವನಿಗೆ ಮಾತ್ರ ಗೊತ್ತು. ಅವನು ಬಾಯಿ ಬಿಡದಿದ್ದರೆ ಎಷ್ಟೇ ನುರಿತ ಕೈಯಾದರೂ ಕುರುಡು ಕೈಯೇ. ಆದ್ದರಿಂದ "ಜೋಮು ಹಿಡಿಯಿತು, ಸಡಿಲಿಸು" ಎನ್ನುವುದು ಪುಕ್ಕಲುತನವಲ್ಲ. ಆ ಕೆಲಸದಲ್ಲಿ ಅವನ ಪಾಲಿಗೆ ಬಂದ ಕರ್ತವ್ಯವೇ ಅದು. ಹಲ್ಲು ಕಚ್ಚಿ ಸಹಿಸಿಕೊಂಡವನು ತನ್ನ ಪಾಲಿನ ಕೆಲಸ ಮಾಡಲಿಲ್ಲ ಎಂದೇ ಲೆಕ್ಕ.

ಬಂಡೆ ಹತ್ತುವವರಲ್ಲಿ ಇದಕ್ಕೊಂದು ಶಿಸ್ತೇ ಇದೆ. ರಾಮನಗರದ ಬಂಡೆಗಳಲ್ಲಿ, ಬಾದಾಮಿಯ ಕೆಂಪು ಕಲ್ಲಿನ ಗೋಡೆಗಳಲ್ಲಿ ಅಭ್ಯಾಸ ಮಾಡುವ ಹುಡುಗ ಹುಡುಗಿಯರು ಕಾಲು ಎತ್ತುವ ಮುನ್ನ ಕೆಳಗಿನವರನ್ನು ಕೇಳುತ್ತಾರೆ: ಸಿದ್ಧವೇ? ಸಿದ್ಧ ಎಂಬ ಉತ್ತರ ಕಿವಿಗೆ ಬೀಳದೆ ಹತ್ತುವಂತಿಲ್ಲ. ಒಬ್ಬರ ಗಂಟನ್ನು ಇನ್ನೊಬ್ಬರು ನೋಡಬೇಕು. ಎಷ್ಟು ವರ್ಷದ ಗೆಳೆತನವಿದ್ದರೂ ಪ್ರತಿ ಸಲವೂ ನೋಡಬೇಕು. ನಂಬಿಕೆ ಇದ್ದ ಮೇಲೆ ಕೇಳುವುದೇಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಅವರ ಲೆಕ್ಕ ಬೇರೆ. ಕೇಳಿ ಕೇಳಿಯೇ ನಂಬಿಕೆ ಬೆಳೆದದ್ದು.

1953ರ ಎವರೆಸ್ಟ್ ಯಾತ್ರೆಯಲ್ಲಿ ಖುಂಬು ಹಿಮಪಾತದ ಬಳಿ ಎಡ್ಮಂಡ್ ಹಿಲರಿ ಬಿರುಕೊಂದನ್ನು ಹಾರುವಾಗ ಅಂಚಿನ ಹಿಮ ಕುಸಿದು ಒಳಗೆ ಬಿದ್ದರು. ಜೊತೆಯಲ್ಲಿದ್ದ ತೇನ್‌ಸಿಂಗ್ ನೋರ್ಗೆ ಹಿಮಗೊಡಲಿಯನ್ನು ನೆಟ್ಟು ಹಗ್ಗ ಹಿಡಿದು ನಿಲ್ಲಿಸಿದರು. ಆಮೇಲೆ ಮೇ 29ರಂದು ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಶಿಖರ ಮುಟ್ಟಿದವರು ಅವರಿಬ್ಬರೇ. ಶಿಖರದ ಮೇಲೆ ಮೊದಲು ಕಾಲಿಟ್ಟವರು ಯಾರು ಎಂದು ಲೋಕ ವರ್ಷಗಟ್ಟಲೆ ಕೇಳಿತು. ಹಗ್ಗದ ಎರಡು ತುದಿಯನ್ನೂ ಬಲ್ಲ ಅವರಿಗೆ ಆ ಪ್ರಶ್ನೆಯೇ ಚಿಕ್ಕದಾಗಿ ಕಂಡಿರಬೇಕು.

ಎವರೆಸ್ಟ್ ದೂರದ ಮಾತಾಯಿತು. ಸಕಲೇಶಪುರಕ್ಕೆ ತಾಗಿದಂತೆಯೇ ಇರುವ ಮೂಡಿಗೆರೆ ತಾಲ್ಲೂಕಿನಿಂದ ಒಬ್ಬ ಹುಡುಗಿ ಅಂಗೈಯಗಲದ ಹಗ್ಗ ಹಿಡಿದು ಪ್ಯಾರಿಸ್‌ವರೆಗೆ ಓಡಿದ್ದಾಳೆ. ರಕ್ಷಿತಾ ರಾಜು ಹುಟ್ಟಿನಿಂದಲೇ ದೃಷ್ಟಿಯಿಲ್ಲದವರು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಸಾಕಿದವರು ಅಜ್ಜಿ, ಅವರಿಗೆ ಮಾತೂ ಕಿವಿಯೂ ಇಲ್ಲ. ಕಣ್ಣಿಲ್ಲದ ಮೊಮ್ಮಗಳೂ ಮಾತಿಲ್ಲದ ಅಜ್ಜಿಯೂ ಒಬ್ಬರನ್ನೊಬ್ಬರು ಅರಿತುಕೊಂಡು ಬಾಳಿದ ಮನೆ ಅದು. ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ ಓದುವಾಗ ಓಟ ಹಿಡಿಸಿತು. 2018ರಲ್ಲಿ ಜಕಾರ್ತಾದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಓಟದ ಚಿನ್ನ, 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಅದೇ ಓಟದ ಚಿನ್ನ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಲಾಗಲಿಲ್ಲ. ಆದರೆ ಆ ವಿಭಾಗದಲ್ಲಿ ಅಲ್ಲಿಯ ತನಕ ಹೋದ ಭಾರತದ ಮೊದಲ ಹೆಣ್ಣುಮಗಳು ಅವರು.

ಟಿ11 ಎಂಬ ಈ ವಿಭಾಗದ ನಿಯಮಗಳನ್ನು ತಿಳಿದರೆ ಅಚ್ಚರಿಯಾಗುತ್ತದೆ. ಎಲ್ಲ ಓಟಗಾರರೂ ಕಣ್ಣುಪಟ್ಟಿ ಕಟ್ಟಬೇಕು. ಪ್ರತಿಯೊಬ್ಬರ ಜೊತೆ ಕಣ್ಣಿರುವ ಮಾರ್ಗದರ್ಶಿಯೊಬ್ಬರು ಓಡುತ್ತಾರೆ. ಇಬ್ಬರ ಕೈಗಳ ನಡುವೆ ಹಿಗ್ಗದ ಒಂದು ಚಿಕ್ಕ ಹಗ್ಗ, ಆರಂಭದಿಂದ ಗುರಿಯ ತನಕ. ಮಾರ್ಗದರ್ಶಿ ಮುಂದಿನಿಂದ ಎಳೆಯುವಂತಿಲ್ಲ, ಹಿಂದಿನಿಂದ ದೂಡುವಂತಿಲ್ಲ. ಗುರಿಯ ಗೆರೆಯನ್ನು ಓಟಗಾರನೇ ಮೊದಲು ದಾಟಬೇಕು. ತಿರುವು ಬಂತು, ನೇರ ದಾರಿ ಬಂತು, ಪಕ್ಕದಲ್ಲಿ ಇನ್ನೊಬ್ಬರಿದ್ದಾರೆ ಎಂದು ಹೇಳುವುದಷ್ಟೇ ಮಾರ್ಗದರ್ಶಿಯ ಕೆಲಸ. ಓಡುವುದು, ವೇಗ ಹೆಚ್ಚಿಸುವುದು, ಉಸಿರು ಉಳಿಸಿಕೊಳ್ಳುವುದು, ಕೊನೆಯ ಸುತ್ತಿಗೆ ಎದೆಯೊಡ್ಡುವುದು ಎಲ್ಲವೂ ಓಟಗಾರನದು. ಅಂದರೆ ಇಲ್ಲಿ ಹಗ್ಗ ಎಳೆಯಲು ಇರುವುದಲ್ಲ, ತಿಳಿಸಲು ಇರುವುದು.

ರಕ್ಷಿತಾ ಅವರ ಮಾರ್ಗದರ್ಶಿ ರಾಹುಲ್ ಬಾಲಕೃಷ್ಣ, ಸ್ವತಃ ಓಟಗಾರರು, ತರಬೇತುದಾರರೂ ಹೌದು. ಮಾರ್ಗದರ್ಶಿಯಾದವನು ಓಟಗಾರನಿಗಿಂತ ವೇಗವಾಗಿ ಓಡಬಲ್ಲವನಾಗಿರಬೇಕು, ಆದರೆ ಆ ವೇಗವನ್ನು ತೋರಿಸಬಾರದು. ಹೆಜ್ಜೆಗೆ ಹೆಜ್ಜೆ, ಕೈಬೀಸಿಗೆ ಕೈಬೀಸು ಹೊಂದಬೇಕು. ಕಾಣದ ಓಟಪಥದಲ್ಲಿ ಮೂರೂಮುಕ್ಕಾಲು ಸುತ್ತು ಪೂರ್ಣ ವೇಗದಲ್ಲಿ ಓಡಬೇಕಾದರೆ ಹಗ್ಗದ ಆ ತುದಿಯಲ್ಲಿರುವವರು ಎಷ್ಟು ಗೊತ್ತಿರಬೇಕು! ಆ ಗೊತ್ತು ಒಂದು ದಿನದಲ್ಲಿ ಬರುವುದಿಲ್ಲ. ದಿನವೂ ಓಡಿ, ತಪ್ಪಿ, "ಈಗ ಎಳೆದಂತಾಯಿತು", "ಈಗ ತಡವಾಗಿ ಹೇಳಿದಿರಿ" ಎಂದು ಹೇಳಿಕೊಂಡು ಬರಬೇಕಾದದ್ದು. ಪದಕ ಗೆದ್ದಾಗ ಮಾರ್ಗದರ್ಶಿಗೂ ಪದಕ ಕೊಡುವ ಪದ್ಧತಿ ಈಗ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಅದು ನ್ಯಾಯವೇ. ಆದರೆ ಓಡಿದವರು ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ಅದೇ 2024ರ ಪ್ಯಾರಿಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಓಟದ ಕೊನೆಗೆ ಇನ್ನೊಂದು ಘಟನೆ ನಡೆಯಿತು. ಸ್ಪೇನ್ ದೇಶದ ಎಲೆನಾ ಕೊಂಗೋಸ್ಟ್ ಮೂರನೆಯ ಸ್ಥಾನದಲ್ಲಿ ಬರುತ್ತಿದ್ದರು. ಗುರಿಗೆ ಇನ್ನು ಕೆಲವೇ ಮೀಟರ್ ಇರುವಾಗ ಅವರ ಮಾರ್ಗದರ್ಶಿ ಸೆಳೆತದಿಂದ ಕುಸಿಯುವಂತಾದ. ಅವನನ್ನು ಹಿಡಿಯಲು ಎಲೆನಾ ಕ್ಷಣಕಾಲ ಹಗ್ಗ ಬಿಟ್ಟರು. ನಿಯಮದಂತೆ ಅಂದು ಅವರನ್ನು ಅನರ್ಹರೆಂದು ಘೋಷಿಸಲಾಯಿತು. ಆ ತೀರ್ಪು ಸರಿಯೋ ತಪ್ಪೋ ಎಂದು ಜಗತ್ತೆಲ್ಲ ಚರ್ಚೆಯಾಯಿತು. ತೀರ್ಪು ಏನೇ ಇರಲಿ, ಆ ಚಿತ್ರ ಒಂದು ಮಾತು ಹೇಳುತ್ತದೆ. ಕರೆದೊಯ್ಯಿಸಿಕೊಳ್ಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದಿದ್ದ ಹೆಣ್ಣು ಕರೆದೊಯ್ಯುವವನನ್ನೇ ಹಿಡಿದು ನಿಲ್ಲಿಸಿದಳು. ಹಗ್ಗದ ಎರಡು ತುದಿಯಲ್ಲೂ ಕಾಳಜಿ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಹಳೆಯ ಮಾತೊಂದನ್ನು ಕೆಣಕಬೇಕಾಗುತ್ತದೆ. "ಮೌನಂ ಸಮ್ಮತಿ ಲಕ್ಷಣಂ" ಎಂದು ಮದುವೆ ಮಾತುಕತೆಯಿಂದ ಹಿಡಿದು ಸಂಘದ ಸಭೆಯ ತನಕ ಎಲ್ಲ ಕಡೆಯೂ ಹೇಳುತ್ತೇವೆ. ಹಗ್ಗದ ಕೆಲಸದಲ್ಲಿ ಈ ಮಾತು ನಡೆಯುವುದಿಲ್ಲ. ಅಲ್ಲಿ ಮೌನ ಅಪಾಯದ ಲಕ್ಷಣ. ಮೇಲಿನವನ ದನಿ ನಿಂತರೆ ಕೆಳಗಿನವನು ತಲೆಯೆತ್ತಿ ಕೂಗಬೇಕು.

ಕಾನೂನೂ ಇದನ್ನೇ ಹೇಳುತ್ತದೆ. ವಾಣಿಜ್ಯ ವಿದ್ಯಾರ್ಥಿಗಳು ಓದುವ 1872ರ ಭಾರತೀಯ ಕರಾರು ಕಾಯಿದೆಯ 13ನೆಯ ಕಲಂ ಪ್ರಕಾರ, ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಒಪ್ಪಿಗೆ. 14ನೆಯ ಕಲಂ ಪ್ರಕಾರ, ಬಲವಂತ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ, ತಪ್ಪು ತಿಳಿವಳಿಕೆ ಇವುಗಳಿಂದ ಬಂದದ್ದು ಮುಕ್ತ ಒಪ್ಪಿಗೆಯಲ್ಲ. ಅತ್ಯಾಚಾರದ ಕಾನೂನಿಗೆ 2013ರಲ್ಲಿ ತಿದ್ದುಪಡಿಯಾದಾಗ, ಒಪ್ಪಿಗೆ ಎಂದರೆ ಮಾತಿನಿಂದಲೋ ಸನ್ನೆಯಿಂದಲೋ ಸಂದೇಹಕ್ಕೆ ಎಡೆಯಿಲ್ಲದಂತೆ ಸ್ವಇಚ್ಛೆಯಿಂದ ತಿಳಿಸಿದ್ದು ಎಂದು ಬರೆದರು. ಹೆಣ್ಣು ಮೈಯಾರೆ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳೆಂದು ತಿಳಿಯಬಾರದು ಎಂದೂ ಸೇರಿಸಿದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ವಿವರಣೆ ಉಳಿದಿದೆ.

ಆದರೆ ಕಾನೂನು ಬರೆದ ಮಾತ್ರಕ್ಕೆ ಬಾಯಿ ಬರುವುದಿಲ್ಲ. ಮಲೆನಾಡಿನ ತೋಟಗಳಲ್ಲಿ ಕರಿಮೆಣಸು ಕುಯ್ಯುವ ಕಾಲದಲ್ಲಿ ಅಲ್ಯುಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಏಣಿ ಎತ್ತುವವನಿಗೆ ತಂತಿ ಕಾಣದಿರುವುದೂ ಉಂಟು. ಕಂಡಿದ್ದೂ ಮೇಸ್ತ್ರಿಯ ಮುಂದೆ, ರೈಟರ ಮುಂದೆ "ಇಲ್ಲಿ ಬೇಡ" ಎನ್ನಲು ನಾಲಿಗೆ ಏಳದಿರುವುದೂ ಉಂಟು. ನಾಳೆಯ ಕೂಲಿಯ ಚಿಂತೆ ಇರುವವನು ಹೂಂ ಎಂದರೆ ಅದು ಎಷ್ಟರ ಮಟ್ಟಿನ ಹೂಂ? ಬೇಡ ಎಂದರೂ ಕೆಲಸ ಹೋಗುವುದಿಲ್ಲ ಎಂಬ ಧೈರ್ಯ ಇದ್ದಲ್ಲಿ ಮಾತ್ರ ಹೂಂ ಎಂಬುದಕ್ಕೆ ತೂಕ. ಈ ಧೈರ್ಯವನ್ನು ಕೊಡಬೇಕಾದವನು ಹಗ್ಗ ಹಿಡಿದವನು.

ಪಿಯುಸಿ ಮುಗಿಸಿ ಊರು ಬಿಟ್ಟು ಹಾಸನಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಹಾಸ್ಟೆಲ್ ಸೇರುವ ಮಕ್ಕಳಿಗೆ ಇದು ಪುಸ್ತಕದ ಮಾತಲ್ಲ. "ಸುಮ್ಮನೆ ತಮಾಷೆಗೆ", "ಎಲ್ಲರೂ ಮಾಡಿದ್ದೇ", "ಅವನೇ ಒಪ್ಪಿದ್ದನಲ್ಲ" ಎಂಬ ಮಾತುಗಳ ಮರೆಯಲ್ಲಿಯೇ ರ‍್ಯಾಗಿಂಗ್ ನಡೆಯುವುದು. 2009ರ ಯುಜಿಸಿ ನಿಯಮಗಳು ರ‍್ಯಾಗಿಂಗನ್ನು ಎಲ್ಲ ರೂಪದಲ್ಲೂ ನಿಷೇಧಿಸಿವೆ. ಹತ್ತು ಜನ ಹಿರಿಯ ವಿದ್ಯಾರ್ಥಿಗಳು ಸುತ್ತ ನಿಂತಿರುವಾಗ ಹೊಸಬನ ಮುಖದಲ್ಲಿ ಮೂಡಿದ ನಗೆ ಒಪ್ಪಿಗೆಯಲ್ಲ. ಇನ್ನು 18 ತುಂಬದ ಮಕ್ಕಳ ವಿಷಯದಲ್ಲಿ 2012ರ ಪೋಕ್ಸೋ ಕಾಯಿದೆ ಮಗುವಿನ ಒಪ್ಪಿಗೆಯ ಪ್ರಶ್ನೆಯನ್ನೇ ಎತ್ತಗೊಡುವುದಿಲ್ಲ. ಅಲ್ಲಿ ಹೊಣೆ ಪೂರ್ತಿ ದೊಡ್ಡವರದು. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಪ್ರತಿ ಮಗುವಿಗೂ ಬಾಯಿಪಾಠವಾಗಿರಲಿ.

ಮಕ್ಕಳಿಗೆ "ಬೇಡ" ಎನ್ನುವುದನ್ನು ಕಲಿಸುವುದು ಹೇಗೆ? ಅಪರಿಚಿತರ ಮುಂದೆ ಬೇಡ ಎನ್ನು ಎಂದು ಎಲ್ಲ ಮನೆಯಲ್ಲೂ ಹೇಳಿಕೊಡುತ್ತಾರೆ. ಕಷ್ಟವಿರುವುದು ಪರಿಚಿತರ ಮುಂದೆ. ಪ್ರೀತಿಸುವವರ ಮುಂದೆ, ಗೌರವಿಸುವವರ ಮುಂದೆ, ಉಪಕಾರ ಮಾಡಿದವರ ಮುಂದೆ "ಸಾಕು, ನಿಲ್ಲಿಸಿ" ಎನ್ನುವ ಅಭ್ಯಾಸ ಮನೆಯಲ್ಲೇ ಆಗಬೇಕು. ನೆಂಟರು ಕೆನ್ನೆ ಹಿಂಡಿದಾಗ ಮಗು ಮುಖ ತಿರುಗಿಸಿದರೆ ಗದರಿಸದಿರುವುದು ಅದರ ಮೊದಲ ಪಾಠ. ಮಗಳು ವಿಜ್ಞಾನ ಬೇಡ, ಕಲಾ ವಿಭಾಗ ಬೇಕು ಎಂದಾಗ ಪೂರ್ತಿ ಕೇಳಿಸಿಕೊಂಡು ಆಮೇಲೆ ಮಾತಾಡುವುದು ಇನ್ನೊಂದು ಪಾಠ. ಹಾಗೆಂದು ಹಗ್ಗವನ್ನೇ ಬಿಟ್ಟುಬಿಡಬೇಕೆಂದು ಯಾರೂ ಹೇಳುವುದಿಲ್ಲ. ಬಿಟ್ಟ ಹಗ್ಗ ಯಾರನ್ನೂ ಕಾಯುವುದಿಲ್ಲ.

ಹಿಡಿದೇ ಇರಲಿ. ಆದರೆ ಆಗಾಗ ಕೇಳಲಿ: ಬಿಗಿಯಾಯಿತೇನೋ ಮಗಾ? ಜೋಮು ಹಿಡಿಯಿತೇನಮ್ಮಾ? ಕೇಳಿದ್ದಕ್ಕೆ ಉತ್ತರ ಕೂಡಲೇ ಬಾರದಿರಬಹುದು. ವರ್ಷಗಟ್ಟಲೆ ಯಾರೂ ಕೇಳದ ಮನೆಯಲ್ಲಿ ಮೊದಲ ಸಲ ಕೇಳಿದಾಗ ಮಕ್ಕಳು "ಏನಿಲ್ಲ" ಎಂದೇ ಹೇಳುತ್ತಾರೆ. ಎರಡನೆಯ ಸಲವೂ ಕೇಳಬೇಕು. ಹತ್ತನೆಯ ಸಲ ಬಾಯಿಬಿಟ್ಟು "ಹೌದಪ್ಪ, ಸ್ವಲ್ಪ ಸಡಿಲ ಮಾಡು" ಎಂದರೆ, ಮಗು ಎದುರು ಮಾತಾಡಿತೆಂದು ತಿಳಿಯಬೇಕಾಗಿಲ್ಲ. ಅದು ಹಗ್ಗದ ತನ್ನ ತುದಿಯ ಕೆಲಸವನ್ನು ಕಲಿತಿದೆ.